ಲಿಂಗತ್ವ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯ ಮತ್ತು ಗ್ರಾಮ ಪಂಚಾಯಿತಿಯ ಕರ್ತವ್ಯ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ 2025ರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕುಡಿಯುವ ನೀರು, ಬೀದಿದೀಪ, ಚರಂಡಿ, ವಸತಿ, ಉದ್ಯೋಗ ಖಾತರಿ ಮೊದಲಾದ ವಿಷಯಗಳು ತಮ್ಮ ಸಭೆಗಳ ಕಾರ್ಯಸೂಚಿಯಲ್ಲಿ ಪ್ರತಿ ತಿಂಗಳೂ ಇರುತ್ತವೆ. ಇಂದು ನಾನು ಪ್ರಸ್ತಾಪಿಸಲಿರುವ ವಿಷಯವು ಯಾವುದೇ ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿ ಕಾಣಸಿಗುವುದು ಬಹಳ ಅಪರೂಪ. ಲಿಂಗತ್ವ ಅಲ್ಪಸಂಖ್ಯಾತರು ಲೈಂಗಿಕ ದೌರ್ಜನ್ಯಕ್ಕೆ ಅಥವಾ ತಮ್ಮ ಸಂಗಾತಿಯಿಂದ ಹಿಂಸೆಗೆ ಗುರಿಯಾದಾಗ ಗ್ರಾಮ ಪಂಚಾಯಿತಿಯ ಸದಸ್ಯರಾದ ತಾವು ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಆ ವಿಷಯ.

"ನಮ್ಮೂರಿನಲ್ಲಿ ಅಂಥವರು ಯಾರೂ ಇಲ್ಲ" ಎಂದು ಹಲವರು ಹೇಳುವುದುಂಟು. 2011ರ ಜನಗಣತಿಯಲ್ಲಿ 'ಇತರೆ' ಎಂಬ ಕಲಮಿನಡಿ ನಮ್ಮ ರಾಜ್ಯದಲ್ಲಿ 20,266 ಮಂದಿ ದಾಖಲಾದರು. ದೇಶದಲ್ಲಿ ಈ ಸಂಖ್ಯೆ 4.87 ಲಕ್ಷವನ್ನು ಮೀರಿತ್ತು. ಮನೆಯವರೆದುರು ಗಣತಿದಾರರಿಗೆ ತನ್ನ ಗುರುತನ್ನು ಧೈರ್ಯವಾಗಿ ಹೇಳಲಾಗದವರು ಈ ಲೆಕ್ಕದ ಹೊರಗೇ ಉಳಿದಿರುತ್ತಾರೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಬಯಸುವ ಟ್ರಾನ್ಸ್ ಪುರುಷರಂತೂ ಊರಿನ ಕಣ್ಣಿಗೆ ಬೀಳುವುದೇ ಇಲ್ಲ. ಅವರು ಒಂದೋ ಮನೆಯೊಳಗೆ ಬಂಧಿಗಳು, ಇಲ್ಲವೇ ಊರು ಬಿಟ್ಟು ನಗರ ಸೇರಿದವರು.

ಈ ಜನ ನಮಗೆ ಅಪರಿಚಿತರೇನಲ್ಲ. ಎಲ್ಲಮ್ಮನ ಕೊಡ ಹೊತ್ತು ಬಾಗಿಲಿಗೆ ಬರುವ ಜೋಗಪ್ಪನಿಗೆ ನಾವು ಅಕ್ಕಿ ನೀಡಿ ಕೈಮುಗಿಯುತ್ತೇವೆ. ಶುಭಕಾರ್ಯಗಳಲ್ಲಿ ಮಂಗಳಮುಖಿಯರ ಹರಕೆಯನ್ನು ಬೇಡುತ್ತೇವೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗಲೂ, 2021ರಲ್ಲಿ ಪದ್ಮಶ್ರೀ ಪಡೆದಾಗಲೂ ನಾಡು ಹೆಮ್ಮೆಪಟ್ಟಿತು. ಹೀಗೆ ಹಬ್ಬದ ದಿನ ಪೂಜೆಗೆ ಸಲ್ಲುವವರು ಉಳಿದ ದಿನ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಕತ್ತಲಾದ ಮೇಲೆ ಹೊಲದ ಹಾದಿಯಲ್ಲಿ ಏನನ್ನು ಅನುಭವಿಸುತ್ತಾರೆಂಬುದನ್ನು ನಾವು ವಿಚಾರಿಸಿದ್ದೇವೆಯೇ? ಕೈಮುಗಿಯುವ ಊರಿನಲ್ಲಿಯೇ ಕೈಮಾಡುವವರೂ ಇದ್ದಾರೆ ಎಂಬ ಸತ್ಯವನ್ನು ಮೊದಲು ಒಪ್ಪಿಕೊಳ್ಳಬೇಕು.

ದೌರ್ಜನ್ಯದ ಸ್ವರೂಪವನ್ನು ತಾವು ತಿಳಿದಿರುವುದು ಅವಶ್ಯ. ಮೊದಲನೆಯದು ಹುಟ್ಟಿದ ಮನೆಯಲ್ಲಿ ನಡೆಯುವುದು: ಹೊಡೆತ, ಕೂಡಿಹಾಕುವುದು, ತಲೆ ಬೋಳಿಸುವುದು, "ಸರಿಹೋಗಲಿ" ಎಂದು ಬಲವಂತದ ಮದುವೆ ಮಾಡುವುದು. ಅಂತಹ ಮದುವೆಯ ಅನಂತರ ನಡೆಯುವುದು ನಾಲ್ಕು ಗೋಡೆಗಳ ನಡುವಿನ ಲೈಂಗಿಕ ಹಿಂಸೆಯೇ ಆಗಿರುತ್ತದೆ. ಎರಡನೆಯದು ಹೊರಗಿನವರು ಎಸಗುವ ಲೈಂಗಿಕ ದೌರ್ಜನ್ಯ. "ಇವರಿಗೆ ಮಾನವೆಲ್ಲಿಯದು, ಇವರು ದೂರು ಕೊಟ್ಟರೆ ಕೇಳುವವರಾರು" ಎಂಬ ಧೈರ್ಯವೇ ಆ ದುಷ್ಕರ್ಮಿಗಳ ಆಯುಧ. ಮೂರನೆಯದು ಸಂಗಾತಿಯಿಂದ ಆಗುವ ಹಿಂಸೆ. ಇದು ಎಲ್ಲಕ್ಕಿಂತ ಹೆಚ್ಚು ಮುಚ್ಚಿಹೋಗುವಂಥದ್ದು.

ಸಂಗಾತಿಯ ಹಿಂಸೆಯಲ್ಲಿ ಹೊಡೆತ ಬಡಿತಗಳಲ್ಲದೆ ಇನ್ನೂ ಕೆಲವು ವಿಧಾನಗಳಿವೆ. ದುಡಿದ ಹಣವನ್ನು ಕಿತ್ತುಕೊಳ್ಳುವುದು, ಆಧಾರ್ ಮತ್ತು ಬ್ಯಾಂಕ್ ಪುಸ್ತಕಗಳನ್ನು ಬಚ್ಚಿಡುವುದು, ವೈದ್ಯರು ಬರೆದುಕೊಟ್ಟ ಹಾರ್ಮೋನ್ ಔಷಧಿಯನ್ನು ಎಸೆಯುವುದು, ದೇಹವನ್ನು ಹೀಯಾಳಿಸುವುದು, "ನಿನ್ನ ವಿಷಯವನ್ನು ನಿನ್ನ ತಾಯಿತಂದೆಗೆ, ಕೆಲಸದ ಮಾಲೀಕನಿಗೆ ಹೇಳಿಬಿಡುತ್ತೇನೆ" ಎಂದು ಬೆದರಿಸುವುದು, "ನನ್ನನ್ನು ಬಿಟ್ಟರೆ ನಿನ್ನನ್ನು ಯಾರೂ ಸೇರಿಸರು" ಎಂದು ದಿನವೂ ನಂಬಿಸುವುದು. ತವರಿನ ಬಾಗಿಲು ಮುಚ್ಚಿರುವವರಿಗೆ ಈ ಕೊನೆಯ ಮಾತು ನಿಜವೆಂದೇ ತೋರುತ್ತದೆ. ಆದ್ದರಿಂದ ಅವರು ಸಹಿಸಿಕೊಳ್ಳುತ್ತಾರೆ. "ಅಷ್ಟು ಕಷ್ಟವಿದ್ದರೆ ಬಿಟ್ಟು ಬರಬಾರದೇ" ಎಂದು ಕೇಳುವವರು, ಬಿಟ್ಟು ಬಂದವರಿಗೆ ಇರಲು ಯಾರ ಮನೆಯಿದೆ ಎಂಬುದನ್ನೂ ಕೇಳಿಕೊಳ್ಳಬೇಕು.

ಈಗ ಕಾನೂನಿನ ವಿಚಾರ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪ್ರಕರಣದಲ್ಲಿ ನೀಡಿದ ತೀರ್ಪು, ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಸಂವಿಧಾನದತ್ತ ಹಕ್ಕೆಂದು ಸಾರಿತು. ತರುವಾಯ ಸಂಸತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಅಧಿನಿಯಮ, 2019ನ್ನು ಅಂಗೀಕರಿಸಿತು. ಅದು 2020ರ ಜನವರಿ 10ರಿಂದ ಜಾರಿಯಲ್ಲಿದೆ. ಅದರ ಮೂಲ ವ್ಯಾಖ್ಯಾನದಲ್ಲಿ ಟ್ರಾನ್ಸ್ ಪುರುಷರು, ಟ್ರಾನ್ಸ್ ಮಹಿಳೆಯರು, ಅಂತರ್ಲಿಂಗಿಗಳು ಮಾತ್ರವಲ್ಲದೆ ಹಿಜ್ರಾ, ಜೋಗತಾ ಮುಂತಾದ ಸಾಂಪ್ರದಾಯಿಕ ಗುರುತಿನವರೂ ಸೇರಿದ್ದರು.

ಈ ಅಧಿನಿಯಮದ 18ನೆಯ ಪ್ರಕರಣವನ್ನು ಪ್ರತಿಯೊಬ್ಬ ಸದಸ್ಯರೂ ಅರಿತಿರಬೇಕು. ದೈಹಿಕ, ಲೈಂಗಿಕ, ಮಾತಿನ, ಭಾವನಾತ್ಮಕ ಹಾಗೂ ಆರ್ಥಿಕ ಹಿಂಸೆ ಅದರನ್ವಯ ಅಪರಾಧ. ಒಬ್ಬ ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ಮನೆಯಿಂದ ಅಥವಾ ಗ್ರಾಮದಿಂದ ಹೊರಹೋಗುವಂತೆ ಬಲವಂತಪಡಿಸುವುದೂ, ಸಾರ್ವಜನಿಕ ಸ್ಥಳದ ಬಳಕೆಗೆ ಅಡ್ಡಿಪಡಿಸುವುದೂ ಅಪರಾಧವೇ. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ. "ಊರಿನ ಮರ್ಯಾದೆಯ ಪ್ರಶ್ನೆ, ಕೆಲವು ದಿನ ಬೇರೆಡೆ ಇರಲಿ" ಎಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸಿದರೆ, ಆ ತೀರ್ಮಾನವೇ ಅವರನ್ನು ಆರೋಪಿಗಳನ್ನಾಗಿಸಬಹುದು.

ಕಾನೂನಿನಲ್ಲಿರುವ ಕೊರತೆಯನ್ನೂ ಮುಚ್ಚಿಡದೆ ಹೇಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರದ ವ್ಯಾಖ್ಯಾನವು ಸಂತ್ರಸ್ತರನ್ನು ಮಹಿಳೆ ಎಂದೇ ಹೇಳುತ್ತದೆ. ಹಳೆಯ ದಂಡ ಸಂಹಿತೆಯ 377ನೆಯ ಕಲಂ ಅಸಮ್ಮತಿಯ ಕೃತ್ಯಗಳಿಗೆ ಅನ್ವಯವಾಗುತ್ತಿತ್ತು. ಹೊಸ ಸಂಹಿತೆಯಲ್ಲಿ ಅದಕ್ಕೆ ಸಮಾನವಾದ ಕಲಂ ಇಲ್ಲ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆ ಹತ್ತು ವರ್ಷ. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲಿನ ಲೈಂಗಿಕ ಹಿಂಸೆಗೆ 2019ರ ಅಧಿನಿಯಮದಡಿ ಗರಿಷ್ಠ ಶಿಕ್ಷೆಯೇ ಎರಡು ವರ್ಷ. ನೋವು ಒಂದೇ ಆದರೂ ಅಳತೆ ಬೇರೆಯಾಗಿದೆ. ಕಾನೂನನ್ನು ತಿದ್ದುವುದು ಸಂಸತ್ತಿನ ಕೆಲಸ. ಇರುವ ಕಾನೂನನ್ನು ಪೂರ್ಣವಾಗಿ ಬಳಸಿಕೊಳ್ಳಲು ನೆರವಾಗುವುದು ನಮ್ಮ ಕೆಲಸ.

ಇಲ್ಲಿ ಒಂದು ಸೂಕ್ಷ್ಮ ವಿಷಯವಿದೆ. 18ನೆಯ ಪ್ರಕರಣದ ಶಿಕ್ಷೆ ಮೂರು ವರ್ಷಕ್ಕಿಂತ ಕಡಿಮೆಯಾದ್ದರಿಂದ, ಅದೊಂದೇ ಇದ್ದಲ್ಲಿ ಠಾಣೆಯಲ್ಲಿ "ಇದು ಅಸಂಜ್ಞೇಯ ಅಪರಾಧ, ನ್ಯಾಯಾಲಯದ ಅನುಮತಿ ಬೇಕು" ಎಂಬ ಉತ್ತರ ಬರಬಹುದು. ಆದರೆ ಇಂತಹ ಘಟನೆಗಳಲ್ಲಿ ಒಂದೇ ಅಪರಾಧ ನಡೆದಿರುವುದು ವಿರಳ. ದಾರಿಗೆ ಅಡ್ಡಗಟ್ಟಿದ್ದರೆ ಸಂಹಿತೆಯ 126ನೆಯ ಪ್ರಕರಣ, ಕೂಡಿಹಾಕಿದ್ದರೆ 127, ತೀವ್ರ ಗಾಯಗೊಳಿಸಿದ್ದರೆ 117, ಮಾರಕ ಆಯುಧದಿಂದ ಗಾಯಗೊಳಿಸಿದ್ದರೆ 118 ಅನ್ವಯಿಸುತ್ತವೆ. ಇವು ಸಂಜ್ಞೇಯ ಅಪರಾಧಗಳು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೆಯ ಪ್ರಕರಣದಂತೆ, ಹಲವು ಅಪರಾಧಗಳಲ್ಲಿ ಒಂದು ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಪರಿಗಣಿಸಬೇಕು. ಆದ್ದರಿಂದ ದೂರಿನಲ್ಲಿ ನಡೆದ ಸಂಗತಿಗಳೆಲ್ಲವೂ ಬರಬೇಕು: ಎಲ್ಲಿ ತಡೆದರು, ಎಷ್ಟು ಹೊತ್ತು ಕೂಡಿಹಾಕಿದರು, ಯಾವುದರಿಂದ ಹೊಡೆದರು, ಏನೆಂದು ಬೆದರಿಸಿದರು. ನಾಚಿಕೆಯಿಂದಲೋ ಭಯದಿಂದಲೋ ಬಿಟ್ಟುಹೋದ ಒಂದು ವಾಕ್ಯ ಇಡೀ ಪ್ರಕರಣವನ್ನೇ ದುರ್ಬಲಗೊಳಿಸಬಹುದು.

ಸಂತ್ರಸ್ತರು 18 ವರ್ಷದೊಳಗಿನವರಾದರೆ 2012ರ ಪೋಕ್ಸೊ ಕಾಯಿದೆ ಅನ್ವಯಿಸುತ್ತದೆ. ಅದರಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ. ಮಗು ಎಂದರೆ ಮಗು. ಅಂತಹ ಕೃತ್ಯದ ಅರಿವಿದ್ದೂ ವರದಿ ಮಾಡದಿರುವುದು ಸ್ವತಃ ಅಪರಾಧ; ಸದಸ್ಯರಿಗೂ ಇದರಿಂದ ವಿನಾಯಿತಿಯಿಲ್ಲ. ಸಂತ್ರಸ್ತರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ್ದು ಆರೋಪಿಯು ಸೇರಿಲ್ಲದಿದ್ದಲ್ಲಿ 1989ರ ದೌರ್ಜನ್ಯ ತಡೆ ಕಾಯಿದೆಯನ್ನೂ ಪರಿಶೀಲಿಸುವಂತೆ ಕೋರಬೇಕು. ಸಂಗಾತಿಯ ಹಿಂಸೆಯ ಸಂದರ್ಭದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯೂ ನೆನಪಿರಲಿ. ಶಸ್ತ್ರಚಿಕಿತ್ಸೆಯ ಮೂಲಕ ಸ್ತ್ರೀಯಾದ ಟ್ರಾನ್ಸ್‌ಜೆಂಡರ್ ವ್ಯಕ್ತಿಯೂ ಆ ಕಾಯಿದೆಯಡಿ ಪರಿಹಾರ ಕೋರಬಹುದೆಂದು ಬಾಂಬೆ ಉಚ್ಚ ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿದೆ. ನಮ್ಮ ರಾಜ್ಯದಲ್ಲಿಯೂ ವಕೀಲರು ಅದನ್ನು ಆಧಾರವಾಗಿ ಮುಂದಿಡಬಹುದು.

ಇನ್ನು ಕಾರ್ಯರೂಪದ ಮಾತು. ರಾತ್ರಿ ಹತ್ತು ಗಂಟೆಗೆ ಒಬ್ಬ ಟ್ರಾನ್ಸ್ ಮಹಿಳೆ ಹರಿದ ಬಟ್ಟೆಯಲ್ಲಿ, ಊದಿದ ಮುಖದಲ್ಲಿ ತಮ್ಮ ಮನೆಯ ಬಾಗಿಲು ತಟ್ಟಿದರೆಂದು ಭಾವಿಸಿ. ಆಗ ತಾವು ಮಾಡಬೇಕಾದುದೇನು?

ಮೊದಲು ಒಳಗೆ ಕರೆದು ಕೂರಿಸಿ ನೀರು ಕೊಡಿ. "ತಾವು ಹೇಳಿದ್ದನ್ನು ನಾನು ನಂಬುತ್ತೇನೆ, ಇದರಲ್ಲಿ ತಮ್ಮ ತಪ್ಪೇನೂ ಇಲ್ಲ" ಎಂಬ ಒಂದು ಮಾತು ಸಾಕು. ಅವರು ತಮ್ಮನ್ನು ಯಾವ ಹೆಸರಿನಿಂದ ಕರೆದುಕೊಳ್ಳುತ್ತಾರೋ ಅದೇ ಹೆಸರಿನಿಂದ ಕರೆಯಿರಿ. ಅಕ್ಕ ಎನ್ನಬೇಕೋ ಅಣ್ಣ ಎನ್ನಬೇಕೋ ತಿಳಿಯದಿದ್ದರೆ ಕೇಳಿ. ಕೇಳಿದರೆ ಯಾರಿಗೂ ಅವಮಾನವಿಲ್ಲ. ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋದಿರಿ, ಹಣ ಪಡೆದಿದ್ದಿರಾ, ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬ ಪ್ರಶ್ನೆಗಳು ಬೇಡ. ಅವುಗಳ ಉತ್ತರದಿಂದ ತಮಗೆ ಆಗಬೇಕಾದುದೇನೂ ಇಲ್ಲ. ಕೇಳಿದೊಡನೆ ಎದುರಿನವರ ಬಾಯಿ ಮಾತ್ರ ಮುಚ್ಚಿಹೋಗುತ್ತದೆ. ನೆರೆಹೊರೆಯವರನ್ನು ಸೇರಿಸಬೇಡಿ. ಅವರು ನಂಬುವ ಒಬ್ಬರನ್ನು, ಗೆಳತಿಯಾಗಲಿ ಸಮುದಾಯದ ಗುರುವಾಗಲಿ, ಅವರೇ ಹೇಳಿದರೆ ಕರೆಸಿ.

ಎರಡನೆಯದು ಅಪಾಯದ ಅಂದಾಜು. ಹೊಡೆದವರು ಬೆನ್ನಟ್ಟಿ ಬರುತ್ತಿದ್ದಾರೆಯೇ? ಆ ಮನೆಗೆ ಮರಳಿದರೆ ಪ್ರಾಣಭಯವಿದೆಯೇ? ಇದ್ದಲ್ಲಿ 112ಕ್ಕೆ ಕರೆ ಮಾಡಿ. ಆಂಬುಲೆನ್ಸ್‌ಗೆ 108.

ಮೂರನೆಯದು ಆಸ್ಪತ್ರೆ. ಇಲ್ಲಿ ಕಾಲವೇ ಮುಖ್ಯ. ಎಚ್‌ಐವಿ ಸೋಂಕು ತಗಲದಂತೆ ನೀಡುವ ಔಷಧಿಯನ್ನು ಘಟನೆಯಾದ 72 ಗಂಟೆಗಳೊಳಗೆ, ಆದಷ್ಟು ಬೇಗ ಆರಂಭಿಸಿ 28 ದಿನ ಸೇವಿಸಬೇಕು. ಗರ್ಭಕೋಶವುಳ್ಳ ಟ್ರಾನ್ಸ್ ಪುರುಷರಿಗೆ ಗರ್ಭ ನಿಲ್ಲುವ ಸಂಭವವೂ ಇರುವುದರಿಂದ ಅದಕ್ಕೂ ಕೂಡಲೇ ಮಾತ್ರೆ ಅವಶ್ಯ. ಪರೀಕ್ಷೆಗೆ ಮುನ್ನ ಸ್ನಾನ ಮಾಡದಿದ್ದರೆ, ಬಟ್ಟೆ ತೊಳೆಯದಿದ್ದರೆ ಸಾಕ್ಷ್ಯ ಉಳಿಯುತ್ತದೆ. ಬದಲಿಸಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಕಾಗದದಲ್ಲಿ ಸುತ್ತಿ ಒಯ್ಯಬೇಕು. ಸ್ನಾನವಾಗಿಹೋಗಿದ್ದರೂ ಚಿಂತೆಯಿಲ್ಲ, ಆಸ್ಪತ್ರೆಗೆ ಹೋಗಲೇಬೇಕು. ಚಿಕಿತ್ಸೆ ಸಾಕ್ಷ್ಯಕ್ಕಿಂತ ದೊಡ್ಡದು.

ಲೈಂಗಿಕ ಹಿಂಸೆಗೆ ಒಳಗಾದವರ ವೈದ್ಯಕೀಯ ಆರೈಕೆಗಾಗಿ ಕೇಂದ್ರ ಆರೋಗ್ಯ ಸಚಿವಾಲಯವು 2014ರಲ್ಲಿ ಮಾರ್ಗಸೂಚಿ ಹೊರಡಿಸಿದ್ದು, ಅದರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಬಗ್ಗೆ ಪ್ರತ್ಯೇಕ ಸೂಚನೆಗಳಿವೆ. ಪೊಲೀಸ್ ದೂರು ದಾಖಲಾಗಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಪ್ರತಿಯೊಂದು ಪರೀಕ್ಷೆಗೂ ಸಮ್ಮತಿ ಪಡೆಯಬೇಕು. ಬೇಡವೆನ್ನುವ ಹಕ್ಕು ರೋಗಿಗಿದೆ, ಬೇಡವೆಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಬಾರದು. ಆಸ್ಪತ್ರೆಯಲ್ಲಿ ನೋಡುಗರ ಗುಂಪು ಸೇರದಂತೆ, ಸಿಬ್ಬಂದಿ ಕುತೂಹಲಕ್ಕೆ ಇಣುಕದಂತೆ ಎಚ್ಚರವಹಿಸಲು ಜೊತೆಗೆ ಹೋದ ಸದಸ್ಯರೊಬ್ಬರ ಉಪಸ್ಥಿತಿಯೇ ಸಾಕಾಗುತ್ತದೆ.

ನಾಲ್ಕನೆಯದು ಪೊಲೀಸ್ ದೂರು. ಸಂತ್ರಸ್ತರು ವಯಸ್ಕರಾಗಿದ್ದರೆ ದೂರು ನೀಡಬೇಕೋ ಬೇಡವೋ ಎಂಬುದು ಅವರ ನಿರ್ಧಾರ. ಒತ್ತಾಯಿಸಬೇಡಿ, ತಡೆಯಲೂ ಬೇಡಿ. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯವರು ದೂರು ಸ್ವೀಕರಿಸಲೇಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣ ಹೇಳುತ್ತದೆ. ದೂರಿನ ಪ್ರತಿ ಉಚಿತ. ಠಾಣೆಯಲ್ಲಿ ನಿರಾಕರಿಸಿದರೆ ಲಿಖಿತ ದೂರನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳುಹಿಸಬಹುದು. ಅಲ್ಲಿಯೂ ಫಲ ಸಿಗದಿದ್ದರೆ ದಂಡಾಧಿಕಾರಿಗಳ ಮೊರೆಹೋಗಬಹುದು. 2020ರ ನಿಯಮಗಳ ಪ್ರಕಾರ ಇಂತಹ ಪ್ರಕರಣಗಳ ಮೇಲ್ವಿಚಾರಣೆಗೆ ಜಿಲ್ಲಾ ದಂಡಾಧಿಕಾರಿಗಳ ಅಧೀನದಲ್ಲಿ ರಕ್ಷಣಾ ಕೋಶವಿರಬೇಕು. ದೂರಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಕಳುಹಿಸುವುದು ಒಳ್ಳೆಯದು. ಕಾನೂನು ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಇವೆಲ್ಲದರ ನಡುವೆ ತಾವು ಮಾಡಲೇಬಾರದ ಒಂದು ಕೆಲಸವಿದೆ, ಅದು ರಾಜಿ. ಲೈಂಗಿಕ ದೌರ್ಜನ್ಯವನ್ನು ಹಣ ಕೊಡಿಸಿಯೋ ಕ್ಷಮೆ ಕೇಳಿಸಿಯೋ ಮುಗಿಸುವ ಅಧಿಕಾರ ಯಾವ ಪಂಚಾಯಿತಿಗೂ ಇಲ್ಲ, ಯಾವ ದೈವಸ್ಥಾನದ ಕಟ್ಟೆಗೂ ಇಲ್ಲ. ಸಂಗಾತಿಯ ಹಿಂಸೆಯಲ್ಲಿಯೂ ಇಬ್ಬರನ್ನೂ ಎದುರುಬದುರು ಕೂರಿಸಿ ಬುದ್ಧಿಹೇಳುವುದು ಅಪಾಯಕರ. ಸಭೆಯಲ್ಲಿ ತಲೆಯಾಡಿಸಿದವನು ಮನೆಗೆ ಹೋದ ಮೇಲೆ, ದೂರು ಹೇಳಿದ ತಪ್ಪಿಗೆ ಇಮ್ಮಡಿ ಹೊಡೆಯುತ್ತಾನೆ. ಹಾಗೆಯೇ ಸಂತ್ರಸ್ತರ ಹೆಸರು, ಭಾವಚಿತ್ರ, ವಿಳಾಸಗಳು ವಾಟ್ಸ್‌ಆ್ಯಪ್ ಗುಂಪುಗಳಿಗಾಗಲಿ ಪತ್ರಕರ್ತರಿಗಾಗಲಿ ತಮ್ಮಿಂದ ಹೋಗಬಾರದು. ನಡಾವಳಿಯಲ್ಲಿಯೂ ಹೆಸರು ಬರೆಯಬೇಡಿ.

ಸಂಗಾತಿಯ ಮನೆಯನ್ನು ಬಿಡಲು ಇನ್ನೂ ಮನಸ್ಸು ಮಾಡದವರ ಬಗ್ಗೆ ಬೇಸರಗೊಳ್ಳಬೇಡಿ. ಬಿಡುವ ಹೊತ್ತೇ ಅತ್ಯಂತ ಅಪಾಯದ ಹೊತ್ತು ಎಂಬುದನ್ನು ಅನುಭವಿಗಳು ಬಲ್ಲರು. ಗುರುತಿನ ಪತ್ರಗಳ ನಕಲು, ಸ್ವಲ್ಪ ಹಣ, ಔಷಧಿ ಮತ್ತು ಒಂದು ಜೊತೆ ಬಟ್ಟೆಯನ್ನು ನಂಬಿಕಸ್ಥರೊಬ್ಬರ ಮನೆಯಲ್ಲಿ ಇರಿಸಿಕೊಳ್ಳಲು ಹೇಳಿ. ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಅವರಿಗೂ ಉಚಿತ ಪ್ರಯಾಣವಿದೆ. ಕೈಯಲ್ಲಿ ಕಾಸಿಲ್ಲದ ರಾತ್ರಿ ಈ ಒಂದು ಮಾಹಿತಿ ಜೀವ ಉಳಿಸಬಲ್ಲದು. ಜಿಲ್ಲಾ ಕೇಂದ್ರದ ಸಖಿ ಕೇಂದ್ರ ಮತ್ತು 181 ಸಹಾಯವಾಣಿಗಳು ಮಹಿಳೆಯರಿಗಾಗಿ ಸ್ಥಾಪಿತವಾದವು. ಟ್ರಾನ್ಸ್ ಮಹಿಳೆಯರನ್ನು ಕಳುಹಿಸುವ ಮುನ್ನ ಅಲ್ಲಿನ ಆಡಳಿತಾಧಿಕಾರಿಗಳೊಡನೆ ತಾವೇ ಮಾತನಾಡಿ, ಬಾಗಿಲಿನಿಂದ ಮರಳಿ ಬರುವ ಅವಮಾನವನ್ನು ತಪ್ಪಿಸಿ. ಕೇಂದ್ರ ಸರ್ಕಾರದ 'ಗರಿಮಾ ಗೃಹ' ಎಂಬ ಆಶ್ರಯಧಾಮಗಳು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆಂದೇ ಇದ್ದರೂ ಎಲ್ಲ ಜಿಲ್ಲೆಗಳಲ್ಲಿ ಇಲ್ಲ.

ಮಕ್ಕಳ ಲಿಂಗತ್ವವನ್ನು 'ಸರಿಪಡಿಸಲು' ಮಂತ್ರವಾದಿಯ ಬಳಿಗೋ ಚಿಕಿತ್ಸೆಗೋ ಒಯ್ಯುವ ತಂದೆತಾಯಿಗಳು ತಮ್ಮ ಸಲಹೆ ಕೇಳಿಕೊಂಡು ಬರುವುದುಂಟು. ಇಂತಹ 'ಪರಿವರ್ತನಾ ಚಿಕಿತ್ಸೆ'ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆಯೆಂದು ಸಾರಿದೆ. ಇದು ರೋಗವಲ್ಲ, ಶಾಪವೂ ಅಲ್ಲ. ಮಗು ಮನೆಯಲ್ಲಿಯೇ ಉಳಿದು ಓದುವಂತಾದರೆ ಮುಂದಿನ ಅರ್ಧದಷ್ಟು ಹಿಂಸೆಯನ್ನು ಅಲ್ಲಿಯೇ ತಡೆದಂತೆ ಎಂದು ಅವರಿಗೆ ತಿಳಿಹೇಳಿ.

ಕೊನೆಯದಾಗಿ ಪಂಚಾಯಿತಿಯು ಸಂಸ್ಥೆಯಾಗಿ ಮಾಡಬಹುದಾದ ಕಾರ್ಯಗಳು. ತಮ್ಮ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ. ಠಾಣೆ, ತಾಲ್ಲೂಕು ಆಸ್ಪತ್ರೆ, ಸಖಿ ಕೇಂದ್ರ, ಕಾನೂನು ಸೇವಾ ಸಮಿತಿಗಳ ದೂರವಾಣಿ ಸಂಖ್ಯೆಗಳನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಿ. ಓದಿಕೊಂಡು ಹೋಗಲು ಯಾರನ್ನೂ ಕೇಳಬೇಕಾಗದಂತಿರಲಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ತಿಳಿವಳಿಕೆ ಕೊಡಿಸಿ. ಪಡಿತರ ಚೀಟಿ, ಉದ್ಯೋಗ ಚೀಟಿ, ವಸತಿ ಹಾಗೂ ಮೈತ್ರಿ ಮಾಸಾಶನದ ಅರ್ಜಿಗಳಿಗೆ ನೆರವಾಗಿ. ಸ್ವಂತ ಹೆಸರಿನ ಪಡಿತರ ಚೀಟಿಯೂ ತಲೆಯ ಮೇಲೊಂದು ಸೂರೂ ಇರುವವರು ಹೊಡೆಯುವವನ ಮನೆಗೆ ಮರಳಬೇಕಾಗಿಲ್ಲ. ಗ್ರಾಮಸಭೆಗೆ ಅವರನ್ನು ಇತರ ನಾಗರಿಕರಂತೆಯೇ ಆಹ್ವಾನಿಸಿ, ಕುರ್ಚಿ ಹಾಕಿ ಕೂರಿಸಿ. ಒಮ್ಮೆ ಆ ಸಭೆಯಲ್ಲಿ ಮಾತನಾಡಿದವರು ಕಷ್ಟ ಬಂದ ದಿನ ತಮ್ಮ ಬಾಗಿಲಿಗೆ ಬರಲು ಅಂಜುವುದಿಲ್ಲ.

ಸದಸ್ಯ ಬಂಧುಗಳೆ, ತಮ್ಮ ಕಷ್ಟವೂ ನನಗೆ ತಿಳಿಯದ್ದಲ್ಲ. ಹಿಂಸೆ ನೀಡಿದವನು ತಮ್ಮ ವಾರ್ಡಿನವನೇ ಆಗಿರಬಹುದು. ಅವನ ಮನೆಯಲ್ಲಿ ಎಂಟು ಮತಗಳಿರಬಹುದು. ಹಿಂಸೆಗೊಳಗಾದವರ ಪರವಾಗಿ ಒಂದೇ ಮತವಿರಬಹುದು, ಅದೂ ಪಟ್ಟಿಯಲ್ಲಿ ಬೇರೆ ಹೆಸರಿನಲ್ಲಿರಬಹುದು. ಎಂಟು ಮತಗಳ ಲೆಕ್ಕ ಹಾಕಿ ಬಾಗಿಲು ಮುಚ್ಚಿದರೆ ಯಾರೂ ತಮ್ಮನ್ನು ಪ್ರಶ್ನಿಸಲಾರರು. ಆದರೆ ಆ ರಾತ್ರಿ ತಟ್ಟಲು ಅವರಿಗೆ ಬೇರೆ ಬಾಗಿಲು ಇರಲಿಕ್ಕಿಲ್ಲ. ಊರಿನ ಪ್ರತಿನಿಧಿಯೆಂದರೆ ಆ ಒಂದು ಮತದ ಪ್ರತಿನಿಧಿಯೂ ಹೌದೆಂಬುದನ್ನು ನೆನೆದು, ಬಾಗಿಲು ತೆರೆಯುವ ಧೈರ್ಯವನ್ನು ತಾವೆಲ್ಲರೂ ತೋರುವಿರೆಂಬ ವಿಶ್ವಾಸದಿಂದ ನನ್ನ ಮಾತುಗಳನ್ನು ಮುಗಿಸುತ್ತೇನೆ.